ಇನ್‌ಬಾಕ್ಸ್ ತುಂಬಿ ತುಳುಕುತ್ತಿದೆಯಾ? ಸೈಟು-ಮನೆ ಏಜೆಂಟರಿಗೆ ಒಂದು ಸಲಹೆ

ಹೋದ ತಿಂಗಳು ಮಾಲೀಕರೊಬ್ಬರು ಸೈಟಿನ ಇಸಿ (ಋಣಭಾರ ಪ್ರಮಾಣಪತ್ರ), ಖಾತಾ ಪ್ರತಿ ಮೇಲ್ ಮಾಡಿದ್ದರು. ಪ್ರಾಪರ್ಟಿ ಪೋರ್ಟಲ್‌ಗಳ ಲೀಡ್ (ಆಸ್ತಿ ಕೇಳುವವರ ವಿವರ) ಮೇಲ್‌ಗಳ ನಡುವೆ ಅದು ಹೂತುಹೋಗಿ, ನಾನು ನೋಡಿದ್ದು ನಾಲ್ಕು ದಿನದ ಮೇಲೆ. ಅಷ್ಟರಲ್ಲಿ ಕೊಳ್ಳುವ ಪಾರ್ಟಿ ಬೇರೆ ಕಡೆ ಅಡ್ವಾನ್ಸ್ ಕೊಟ್ಟಾಗಿತ್ತು!

ಆಮೇಲೆ ಜಿಮೇಲ್‌ನಲ್ಲಿ ಫಿಲ್ಟರ್ ಹಾಕಿದೆ. ಪೋರ್ಟಲ್‌ಗಳಿಂದ ಬರುವುದೆಲ್ಲ ಇನ್‌ಬಾಕ್ಸ್‌ಗೆ ಬಾರದೆ ನೇರ 'ಲೀಡ್' ಲೇಬಲ್‌ಗೆ ಹೋಗುತ್ತದೆ. ಅದನ್ನು ಬೆಳಿಗ್ಗೆ, ಸಂಜೆ ನೋಡುತ್ತೇನೆ. ನಿಜವಾಗಿ ಅವಸರ ಇರುವವರು ಹೇಗೂ ಫೋನ್ ಮಾಡುತ್ತಾರೆ, ಅಲ್ವಾ?

ಉಳಿದ ಲೇಬಲ್‌ಗಳಿಗೆ ಗಿರಾಕಿ ಹೆಸರು ಬೇಡ, ಆಸ್ತಿ ಹೆಸರಿಡಿ. 'ವಿಜಯನಗರ 30-40' ಅಂತ. ಒಂದೇ ಸೈಟಿಗೆ ಐದು ಜನ ಕೇಳುತ್ತಾರೆ, ದಾಖಲೆ ಮಾತ್ರ ಅದೇ.

ಇನ್ನೊಂದು: ಜಿಮೇಲ್‌ನಲ್ಲಿ ಉಚಿತ ಸ್ಟೋರೇಜ್ ಜಾಗ 15 ಜಿಬಿ, ಅದೂ ಡ್ರೈವ್, ಫೋಟೋಸ್ ಎಲ್ಲ ಸೇರಿ. ತುಂಬಿದರೆ ಹೊಸ ಮೇಲ್ ಬರುವುದೇ ನಿಲ್ಲುತ್ತದೆ. ಹುಡುಕುವ ಪಟ್ಟಿಯ ಆಯ್ಕೆಗಳಲ್ಲಿ 10 ಎಂಬಿಗಿಂತ ದೊಡ್ಡವನ್ನು ಹುಡುಕಿ, ಹಳೇ ಬ್ರೋಷರ್, ವಿಡಿಯೋ ಅಳಿಸಿ. ಟ್ರ್ಯಾಶ್ ಖಾಲಿ ಮಾಡಿದರೇನೇ ಜಾಗ ಸಿಗೋದು. ಅಗ್ರಿಮೆಂಟ್, ಕ್ರಯಪತ್ರ ಇರುವ ಮೇಲ್ ಮಾತ್ರ ಮುಟ್ಟಬೇಡಿ.