ನೀರು ಬಿದ್ದ ಬೋರ್ಡನ್ನು ನೀರಿನಲ್ಲಿಯೇ ತೊಳೆದು ಉಳಿಸಿದ್ದು: ನನ್ನ ಅನುಭವ

ಚಹಾ, ಮಳೆನೀರು ಅಥವಾ ಉಪ್ಪುಗಾಳಿಯಿಂದ ಸತ್ತ ಲ್ಯಾಪ್‌ಟಾಪ್ ಬೋರ್ಡುಗಳನ್ನು ಬ್ಯಾಟರಿ ನೀರಿನಲ್ಲಿ (ಬ್ಯಾಟರಿಗೆ ತುಂಬುವ, ಲವಣ ತೆಗೆದ ಶುದ್ಧ ನೀರು) ತೊಳೆದು ಬದುಕಿಸುವ ಕ್ರಮವನ್ನು ನಾನು ಕೆಲವು ಮಳೆಗಾಲಗಳಿಂದ ನಡೆಸಿಕೊಂಡು ಬಂದಿದ್ದೇನೆ. ಮೊದಲ ಸಲ ಹೇಳಿದಾಗ ಮಂಗಳೂರಿನಲ್ಲಿ ಇದೇ ಕೆಲಸ ಮಾಡುವ ಸ್ನೇಹಿತರೊಬ್ಬರು "ನೀರು ಬಿದ್ದದ್ದಕ್ಕೆ ನೀರೇ ಮದ್ದಾ ಮಾರಾಯ?" ಎಂದು ಕೇಳಿದ್ದರು. ಈಗ ಅವರೇ ತಮ್ಮ ಕೈಯಲ್ಲಿ ಆಗದ ಬೋರ್ಡುಗಳನ್ನು ರೈಲಿನಲ್ಲಿ ಬರುವವರ ಕೈಯಲ್ಲಿ ಕಾಸರಗೋಡಿಗೆ ಕಳುಹಿಸುತ್ತಾರೆ.

ಮೊದಲು ನಾನೂ ಎಲ್ಲರಂತೆ ಐಪಿಎ (ಬೇಗ ಆರುವ ಐಸೊಪ್ರೊಪೈಲ್ ಆಲ್ಕೋಹಾಲ್) ಮತ್ತು ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ, ಬಿಸಿಗಾಳಿ ಊದುವ ಹಾಟ್ ಏರ್‌ನಲ್ಲಿ ಒಣಗಿಸಿ, ಶಾರ್ಟ್ (ಕರೆಂಟು ಅಡ್ಡದಾರಿ ಹಿಡಿಯುವ ಜಾಗ) ಹುಡುಕಿ ಕೊಡುತ್ತಿದ್ದೆ. ಒಳನಾಡಿನ ಬದಿಯಡ್ಕ, ಮುಳ್ಳೇರಿಯ, ಪೆರ್ಲದ ಕಡೆಯಿಂದ ಬಂದವುಗಳಲ್ಲಿ ಅದು ಬಹುಮಟ್ಟಿಗೆ ನಿಲ್ಲುತ್ತಿತ್ತು. ಮಂಜೇಶ್ವರ, ಉಪ್ಪಳ, ಕುಂಬಳೆಯ ಕಡಲ ಬದಿಯ ಮನೆಗಳಿಂದ ಬಂದವು ಮಾತ್ರ ಫೆಬ್ರವರಿಯಲ್ಲಿ ಸರಿಯಾಗಿ ಹೋಗಿ ಜೂನ್ ತಿಂಗಳ ಎರಡನೆಯ ವಾರಕ್ಕೆ ಸರಿಯಾಗಿ ಹಿಂದಿರುಗುತ್ತಿದ್ದವು. ಅದೇ ಜಾಗದಲ್ಲಿ ಹಸಿರು ಕಿಲುಬು, ಅದೇ ಲೈನಿನಲ್ಲಿ ಕರೆಂಟಿನ ಸೋರಿಕೆ. ಕಾರಣ ಇಷ್ಟೇ: ಉಪ್ಪು ಐಪಿಎಯಲ್ಲಿ ಕರಗುವುದಿಲ್ಲ, ಬ್ರಷ್ಷು ಅದನ್ನು ಅಲ್ಲಿಂದ ಇಲ್ಲಿಗೆ ಹರಡುತ್ತದೆ ಅಷ್ಟೆ. ಗಾಳಿಯ ತೇವಾಂಶ ಶೇಕಡಾ 75 ದಾಟಿದರೆ ಉಪ್ಪು ತಾನಾಗಿಯೇ ನೀರು ಹೀರಿ ಕರಗುತ್ತದೆ, ಮತ್ತು ನಮ್ಮ ಮಳೆಗಾಲದಲ್ಲಿ ತೇವಾಂಶ ಅದಕ್ಕಿಂತ ಕೆಳಗೆ ಇಳಿಯುವ ದಿನಗಳೇ ಕಡಿಮೆ. ಗ್ಯಾರಂಟಿ ಮೂರೇ ತಿಂಗಳದ್ದಾಗಿದ್ದರೂ ನನಗೆ ಒಂದು ವರ್ಷ ಇಂತಹ ಮರುಕೆಲಸದಿಂದಲೇ ಹದಿನೈದು ಸಾವಿರದ ಆಸುಪಾಸು ನಷ್ಟವಾಯಿತು.

ದಾರಿ ತೋರಿಸಿದ್ದು ಬದಿಯಡ್ಕದ ಕಡೆಯ ಒಂದು ಸಸ್ಯಾಹಾರಿ ಹೋಟೆಲಿನ ಬಿಲ್ಲಿಂಗ್ ಲ್ಯಾಪ್‌ಟಾಪು. ಸಕ್ಕರೆ ಹಾಕಿದ ಹಾಲಿನ ಚಹಾ ಕೀಬೋರ್ಡಿನ ಮೂಲಕ ನೇರ ಬೋರ್ಡಿಗೆ ಇಳಿದಿತ್ತು. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತರಿಸಿದರೆ ಬೋರ್ಡಿಗೆ ಹನ್ನೊಂದು ಸಾವಿರದಷ್ಟು ಆಗುತ್ತಿತ್ತು, ಯಂತ್ರದ ಬೆಲೆಯೇ ಅಷ್ಟಿರಲಿಲ್ಲ. ಎರಡು ಸಲ ಐಪಿಎಯಲ್ಲಿ ತೊಳೆದರೂ ಬೆರಳಿಗೆ ಅಂಟು ಹತ್ತುತ್ತಿತ್ತು, ಏಕೆಂದರೆ ಸಕ್ಕರೆಯ ಗುಣವೂ ಈ ವಿಷಯದಲ್ಲಿ ಉಪ್ಪಿನದೇ. ಹೇಗೂ ಬಿಸಾಡುವ ಬೋರ್ಡು ಎಂದು ಯಜಮಾನರ ಒಪ್ಪಿಗೆ ಪಡೆದು ಬ್ಯಾಟರಿ ನೀರಿನಲ್ಲಿ ಮುಳುಗಿಸಿದೆ. ನೀರು ಕಂದುಬಣ್ಣಕ್ಕೆ ತಿರುಗಿದ್ದನ್ನು ನೋಡಿದಾಗಲೇ ಐಪಿಎ ಎಷ್ಟನ್ನು ಬಿಟ್ಟುಹೋಗಿತ್ತು ಎಂದು ತಿಳಿಯಿತು. ಆ ಲ್ಯಾಪ್‌ಟಾಪು ಇಂದಿಗೂ ಊಟದ ಬಿಲ್ಲು ತೆಗೆಯುತ್ತಿದೆ.

ಕ್ರಮ ಹೀಗೆ. ಬ್ಯಾಟರಿ, ಬಯೋಸ್ ಸೆಲ್, ಎಸ್‌ಎಸ್‌ಡಿ, ಫ್ಯಾನು, ಹೀಟ್‌ಸಿಂಕು ಎಲ್ಲವನ್ನೂ ತೆಗೆಯಬೇಕು. ಇನ್ಸುಲೇಷನ್ ಹಾಳೆಗಳನ್ನು ಬಿಡಿಸಬೇಕು, ಥರ್ಮಲ್ ಪೇಸ್ಟನ್ನು ಒರೆಸಿಕೊಳ್ಳಬೇಕು. ಅಗಲವಾದ ಪ್ಲಾಸ್ಟಿಕ್ ಟ್ರೇಯಲ್ಲಿ ಉಗುರು ಬೆಚ್ಚಗಿನ ಬ್ಯಾಟರಿ ನೀರು ಹಾಕಿ ಅರ್ಧ ಗಂಟೆ ಮುಳುಗಿಸಿ, ಮೆತ್ತಗಿನ ಬ್ರಷ್ಷು ಆಡಿಸಿ, ಆ ನೀರನ್ನು ಚೆಲ್ಲಿ ಹೊಸ ನೀರಿನಲ್ಲಿ ಮತ್ತೊಮ್ಮೆ ಹಾಗೆಯೇ ಮಾಡಬೇಕು. ಕೊನೆಯ ನೀರಿನ ಒಂದು ಹನಿಯನ್ನು ಗಾಜಿನ ಮೇಲೆ ಆರಲು ಬಿಟ್ಟರೆ ಉಂಗುರದಂತಹ ಕಲೆ ಉಳಿಯಬಾರದು; ಉಳಿದರೆ ಇನ್ನೊಂದು ತೊಳೆತ ಬೇಕು. ಆಮೇಲೆ ಐಪಿಎ. ಇಲ್ಲಿ ಅದರ ಕೆಲಸ ಕೊಳೆ ತೆಗೆಯುವುದಲ್ಲ, ಸಂದುಗಳಲ್ಲಿ ನಿಂತ ನೀರನ್ನು ಹೊರದೂಡುವುದು. ಒಂದು ಬೋರ್ಡಿಗೆ ಬ್ಯಾಟರಿ ನೀರು ಮೂರು ಲೀಟರು, ಐಪಿಎ ಕಾಲು ಲೀಟರು, ಎರಡೂ ಸೇರಿ ಇನ್ನೂರು ರೂಪಾಯಿಯ ಒಳಗೆ ಮುಗಿಯುತ್ತದೆ. ಬಿಜಿಎ ಚಿಪ್ಪಿನ (ಕಾಲುಗಳ ಬದಲು ಅಡಿಯಲ್ಲಿ ಬೆಸುಗೆಯ ಗುಂಡುಗಳಿರುವ ಚಿಪ್ಪು) ಅಡಿಯಿಂದ ನೀರನ್ನು ಎಳೆದು ತೆಗೆಯಲು ನನ್ನದೇ ಆದ ಒಂದು ಉಪಾಯವಿದೆ. ಅದು ನನ್ನ ಅನ್ನದ ಪ್ರಶ್ನೆಯಾದ್ದರಿಂದ ಇಲ್ಲಿ ಬರೆಯುವುದಿಲ್ಲ.

ಎಲ್ಲರೂ ಸೋಲುವುದು ಒಣಗಿಸುವಲ್ಲಿ. ತೊಳೆದ ರಾತ್ರಿಯೇ ಕರೆಂಟು ಕೊಟ್ಟ ಸ್ನೇಹಿತರ ಎರಡು ಬೋರ್ಡುಗಳು ಚಾರ್ಜಿಂಗ್ ಲೈನಿನಲ್ಲಿಯೇ ಸುಟ್ಟವು, ಮತ್ತು ಈ ಕ್ರಮಕ್ಕೆ ಕೆಟ್ಟ ಹೆಸರು ಬಂದದ್ದೂ ಅದರಿಂದಲೇ. ಹಾಟ್ ಏರ್ ಮೇಲ್ಭಾಗವನ್ನು ಒಣಗಿಸುತ್ತದೆಯೇ ಹೊರತು ಚಿಪ್ಪಿನ ಅಡಿಯನ್ನಲ್ಲ. ಟೈರ್ ಅಂಗಡಿಯ ಕಂಪ್ರೆಸರ್ ಗಾಳಿಯಲ್ಲಿ ಎಣ್ಣೆಯೂ ನೀರೂ ಇರುತ್ತದೆ. ಅಕ್ಕಿಯ ಡಬ್ಬಿಯಲ್ಲಿ ಹೂತಿಟ್ಟು ತಂದವರ ಬೋರ್ಡುಗಳಲ್ಲಿ ಸಾಕೆಟ್ಟುಗಳೊಳಗಿನ ಅಕ್ಕಿಹುಡಿಯನ್ನು ತೆಗೆಯುವುದೇ ಬೇರೆ ಕೆಲಸವಾಗಿತ್ತು. ಕೊನೆಗೆ ನಾನು ನೆಚ್ಚಿಕೊಂಡದ್ದು ಹಳೆಯ ಮರದ ಪೆಟ್ಟಿಗೆಯಲ್ಲಿ ಅರುವತ್ತು ವಾಟಿನ ಎರಡು ಹಳೆಯ ಮಾದರಿಯ ಬಲ್ಬು, ಮೇಲೆ ಕಂಪ್ಯೂಟರಿನದೇ ಒಂದು ಫ್ಯಾನು. ಕೊಬ್ಬರಿ ಡ್ರೈಯರ್‌ನಂತೆ ಕೆಳಗಿನಿಂದ ಬಿಸಿಗಾಳಿ, ಮೇಲಿನಿಂದ ತೇವಾಂಶಕ್ಕೆ ಹೊರದಾರಿ. ಐವತ್ತು ಡಿಗ್ರಿಯ ಆಸುಪಾಸಿನಲ್ಲಿ ಪೂರ್ತಿ ಎರಡು ದಿನ ಇಡುತ್ತೇನೆ. ಪೆಟ್ಟಿಗೆಗೆ ಒಟ್ಟು ಎಂಟುನೂರು ರೂಪಾಯಿ ಆಗಿರಬಹುದು. ಗಿರಾಕಿಗಳು ಎಷ್ಟೇ ಅವಸರ ಮಾಡಿದರೂ ಈ ಎರಡು ದಿನವನ್ನು ನಾನು ಕಡಿಮೆ ಮಾಡುವುದಿಲ್ಲ.

ನಡುವೆ ಮಳೆನೀರನ್ನೂ ಪರೀಕ್ಷಿಸಿದೆ, ಆಷಾಢದಲ್ಲಿ ಅದಕ್ಕೇನು ಕೊರತೆ? ಸುರಿಮಳೆ ಹಿಡಿದು ಒಂದು ಗಂಟೆಯಾದ ಮೇಲೆ ಅಂಗಳದಲ್ಲಿ ಕಟ್ಟಿದ ಶುದ್ಧ ಟಾರ್ಪಾಲಿನಿಂದ ಹಿಡಿದ ನೀರು ಮುಳ್ಳೇರಿಯದಲ್ಲಿ ಗಾಜಿನ ಮೇಲೆ ಬಹುತೇಕ ಕಲೆಯನ್ನೇ ಬಿಡಲಿಲ್ಲ. ಕುಂಬಳೆಯಲ್ಲಿ, ಕಡಲಿಗೆ ಹತ್ತಿರ, ಗಾಳಿ ಜೋರಾಗಿದ್ದ ದಿನ ಹಿಡಿದದ್ದು ಬಿಳಿ ಉಂಗುರ ಬಿಟ್ಟಿತು. ಆದ್ದರಿಂದ ಮೊದಲ ತೊಳೆತಕ್ಕೆ ಒಳನಾಡಿನ ಮಳೆನೀರು ಸಾಕಾಗುತ್ತದೆ, ಕೊನೆಯದಕ್ಕೆ ಬ್ಯಾಟರಿ ನೀರೇ ಬೇಕು ಎಂಬುದು ನನ್ನ ತೀರ್ಮಾನ. ಮುರಕಲ್ಲಿನ ಬಾವಿಯ ನೀರು ಕುಡಿಯಲು ಎಷ್ಟು ರುಚಿಯಾಗಿದ್ದರೂ ಬೋರ್ಡಿಗೆ ಆಗದು. ಆರೇಳು ಸಾವಿರ ಕೊಟ್ಟು ತಂದ ಅಲ್ಟ್ರಾಸೋನಿಕ್ ಯಂತ್ರ ಕಿಲುಬನ್ನು ಚೆನ್ನಾಗಿ ಬಿಡಿಸುತ್ತದೆ. ಆದರೆ ಹೆಚ್ಚು ಹೊತ್ತು ಇಟ್ಟ ಒಂದೆರಡು ಬೋರ್ಡುಗಳಲ್ಲಿ ಕ್ರಿಸ್ಟಲ್ (ಬೋರ್ಡಿಗೆ ತಾಳ ಕೊಡುವ ಸಣ್ಣ ಭಾಗ) ಹೋದ ಮೇಲೆ ಅದನ್ನು ಹಠಮಾರಿ ಬೋರ್ಡುಗಳಿಗೆ ಮಾತ್ರ, ಎರಡು ನಿಮಿಷದ ಮಟ್ಟಿಗೆ ಬಳಸುತ್ತೇನೆ.

ಒಣಗಿದ ನಂತರವೂ ಶಾರ್ಟ್ ಉಳಿದಿದ್ದರೆ ಒಂದು ವೋಲ್ಟಿನಿಂದ ಆರಂಭಿಸಿ ಕರೆಂಟು ಹಾಯಿಸಿ, ಮೇಲೆ ಐಪಿಎ ಸವರಿ, ಮೊದಲು ಆರುವ ಜಾಗವನ್ನು (ಕೆಟ್ಟ ಭಾಗ ಬಿಸಿಯಾಗುವುದು ಅಲ್ಲಿಯೇ) ನೋಡುವುದು ಎಲ್ಲರಿಗೂ ಗೊತ್ತಿರುವ ಕೆಲಸ. ಹೆಚ್ಚಿನ ಸಲ ಚಾರ್ಜಿಂಗ್ ಜಾಕಿನ ಹತ್ತಿರದ ಕೆಪಾಸಿಟರೇ ಸಿಗುತ್ತದೆ. ತುಲಾ ತಿಂಗಳ (ಅಕ್ಟೋಬರ್-ನವೆಂಬರ್) ಸಿಡಿಲಿಗೆ ಸತ್ತ ಬೋರ್ಡುಗಳಲ್ಲಿ ತೊಳೆತದಿಂದ ಏನೂ ಪ್ರಯೋಜನವಿಲ್ಲ. ಅಂಥವನ್ನು ತೊಳೆದು ಗಿರಾಕಿಯ ಹಣ ಕಳೆಯಬಾರದು. ಒದ್ದೆಯಿದ್ದಾಗಲೇ ನಾಲ್ಕಾರು ಸಲ ಆನ್ ಮಾಡಿ ನೋಡಿ ಆಮೇಲೆ ತಂದವುಗಳಲ್ಲಿ ಅರ್ಧದಷ್ಟೂ ಉಳಿಯುವುದಿಲ್ಲ. ಕೂಡಲೇ ಬ್ಯಾಟರಿ ಬಿಚ್ಚಿ ತಂದವುಗಳಲ್ಲಿ ಹತ್ತಕ್ಕೆ ಏಳೆಂಟು ಉಳಿಯುತ್ತವೆ, ಕಡಲ ಬದಿಯವೂ ಸೇರಿ.

ಈಗ ತೊಳೆತ, ಒಣಗಿಸುವಿಕೆ ಮತ್ತು ಸಣ್ಣ ಬಿಡಿಭಾಗ ಸೇರಿ ಸಾವಿರದ ಎಂಟುನೂರು ರೂಪಾಯಿ ತೆಗೆದುಕೊಳ್ಳುತ್ತೇನೆ. ಬೋರ್ಡು ಏಳದಿದ್ದರೆ ಸಾಮಾನಿನ ಖರ್ಚು ಇನ್ನೂರು ಮಾತ್ರ. ಗ್ಯಾರಂಟಿಯನ್ನು ಮೂರು ತಿಂಗಳಿನಿಂದ ಆರಕ್ಕೆ ಏರಿಸಿದ್ದೇನೆ. ಫೆಬ್ರವರಿಯಲ್ಲಿ ಕೊಟ್ಟದ್ದಕ್ಕೆ ಅದು ಜೂನ್, ಜುಲೈ ಎರಡನ್ನೂ ದಾಟುತ್ತದೆ.