ಹಲ್ಲಿನಲ್ಲಿ ಕಚ್ಚಿದ ಗುಂಡುಸೂಜಿ

ದಾವಣಗೆರೆಯ ಮಂಡಿಪೇಟೆಯ ಬಳಿ ನನ್ನದೊಂದು ಹೊಲಿಗೆ ಅಂಗಡಿಯಿದೆ. ಜೂನ್‌ನಲ್ಲಿ ಶಾಲೆಯ ಸಮವಸ್ತ್ರ, ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆ ಬಂದರೆ ಕತ್ತು ಎತ್ತಲು ಬಿಡುವಿರುವುದಿಲ್ಲ. ಸಂಜೆಯಾದರೆ ತಲೆಯ ಸುತ್ತ ಬಟ್ಟೆ ಬಿಗಿದು ಕಟ್ಟಿದಂತೆ ನೋವು. ಹಣೆ, ಎರಡೂ ಕಣತಲೆ (ಕಣ್ಣು, ಕಿವಿಯ ನಡುವಿನ ಜಾಗ), ಹಿಂದಲೆ ಒಂದೇ ಸಮನೆ ಅದುಮುತ್ತಿತ್ತು. ವಾಂತಿ ಬರುತ್ತಿರಲಿಲ್ಲ, ಮೆಟ್ಟಿಲು ಹತ್ತಿದರೆ ಹೆಚ್ಚಾಗುತ್ತಲೂ ಇರಲಿಲ್ಲ.

ಕನ್ನಡಕ ಬದಲಿಸಿದೆ. ಪಿತ್ತವೆಂದು ಅತ್ತಿಗೆ ಜೀರಿಗೆ ಕಷಾಯ ಕೊಟ್ಟರು. ಕೊನೆಗೆ ಮಾತ್ರೆಯೇ ಗತಿಯಾಯಿತು.

ನರರೋಗ ತಜ್ಞರು ಮೊದಲು ಕೇಳಿದ್ದು, "ತಿಂಗಳಲ್ಲಿ ಎಷ್ಟು ದಿನ ಮಾತ್ರೆ ನುಂಗುತ್ತೀರಿ?" ಎಂದು. ನನಗೆ ಗೊತ್ತಿರಲಿಲ್ಲ. ಅಂಗಡಿಯ ಕ್ಯಾಲೆಂಡರಿನಲ್ಲಿ ನೋವಿನ ದಿನಕ್ಕೆ ಸುತ್ತು, ಮಾತ್ರೆಯ ದಿನಕ್ಕೆ ಗೀಟು ಹಾಕಲು ಹೇಳಿದರು. ತಿಂಗಳಿಗೆ 22 ಸುತ್ತು, 19 ಗೀಟು! ಇದು ಸ್ನಾಯು ಬಿಗಿತದ, ಅಂದರೆ ಟೆನ್ಷನ್ ತಲೆನೋವು. ಸಾಮಾನ್ಯ ನೋವಿನ ಮಾತ್ರೆಯನ್ನು ತಿಂಗಳಿಗೆ 15 ದಿನ ಅಥವಾ ಅದಕ್ಕೂ ಹೆಚ್ಚು, ಮೂರು ತಿಂಗಳು ಮೀರಿ ನುಂಗಿದರೆ ಮಾತ್ರೆಯೇ ತಲೆನೋವು ತರುತ್ತದೆ ಎಂದರು. ಆ ಮಾತ್ರೆ ಬಿಟ್ಟ ಮೊದಲ ಹತ್ತು ದಿನ ನರಕ. ತಲೆನೋವು ಬರದಂತೆ ತಡೆಯಲು ರಾತ್ರಿಗೆ 10 ಮಿಲಿಗ್ರಾಂ ಅಮಿಟ್ರಿಪ್ಟಿಲಿನ್ ಎಂಬ ಬೇರೆ ಮಾತ್ರೆ ಬರೆದುಕೊಟ್ಟಿದ್ದರು. ಬಾಯಿ ಒಣಗುತ್ತಿತ್ತು, ಬೆಳಿಗ್ಗೆ ಮಂಪರು. ವೈದ್ಯರನ್ನು ಕೇಳದೆ ಯಾರೂ ಅದನ್ನು ಮುಟ್ಟಬಾರದು.

ನನ್ನ ಕಣ್ಣು ತೆರೆಸಿದ್ದು ಮಾತ್ರ ಫಿಸಿಯೋಥೆರಪಿಸ್ಟ್. ನನ್ನದೇ ಬೆರಳುಗಳನ್ನು ಕಣತಲೆಯ ಮೇಲಿಡಿಸಿ, "ಹಲ್ಲು ಕಚ್ಚಿ ನೋಡಿ" ಎಂದರು. ಬೆರಳಿನಡಿ ಸ್ನಾಯು ಗಟ್ಟಿಯಾಗಿ ಉಬ್ಬಿತು. ದವಡೆಯನ್ನು ಎಳೆಯುವ ಸ್ನಾಯು ಕಣತಲೆಯವರೆಗೂ ಹಬ್ಬಿದೆಯಂತೆ. ನಾನೋ, ದಿನವಿಡೀ ಗುಂಡುಸೂಜಿಗಳನ್ನು ಹಲ್ಲಿನಲ್ಲಿ ಕಚ್ಚಿಕೊಂಡೇ ಬಟ್ಟೆ ಜೋಡಿಸುವವನು! ಮರುದಿನವೇ ಮಣಿಕಟ್ಟಿಗೆ ಕಟ್ಟಿಕೊಳ್ಳುವ ಸೂಜಿದಿಂಬು ಹೊಲಿದುಕೊಂಡೆ. ಯಂತ್ರದ ಮೇಜಿನ ಹಿಂಗಾಲುಗಳಿಗೆ ಮರದ ತುಂಡಿಟ್ಟು ನನ್ನತ್ತ ಸ್ವಲ್ಪ ವಾಲಿಸಿದೆ. ಕತ್ತು ಅಷ್ಟು ಬಗ್ಗುವುದು ತಪ್ಪಿತು. ಕಾಜಾ, ಗುಂಡಿಯ ಕೆಲಸಕ್ಕೆ ತೊಡೆಯ ಮೇಲೆ ದಿಂಬಿಟ್ಟುಕೊಂಡೆ. ಬಾಬಿನ್ (ಯಂತ್ರದ ಕೆಳದಾರದ ಉರುಳೆ) ಖಾಲಿಯಾದಾಗಲೆಲ್ಲ ಎದ್ದು ನಿಂತು, ಗದ್ದವನ್ನು ನೇರ ಹಿಂದಕ್ಕೆ ಎಳೆದು ಐದು ಎಣಿಸುತ್ತೇನೆ, ಭುಜ ತಿರುಗಿಸುತ್ತೇನೆ. ಗಡಿಯಾರ ನೋಡಿ ವ್ಯಾಯಾಮ ಮಾಡುವುದು ನಮ್ಮ ಕಸುಬಿನಲ್ಲಿ ಆಗದ ಮಾತು. ಬಾಬಿನ್ ಮರೆಯಲು ಬಿಡುವುದಿಲ್ಲ. ಜಾತ್ರೆಯ ಕಾಲದಲ್ಲೂ ರಾತ್ರಿ ಹತ್ತಕ್ಕೆ ಬಾಗಿಲು ಹಾಕುತ್ತೇನೆ. ನಿದ್ದೆಗೆಟ್ಟ ಮರುದಿನ ಸುತ್ತು ಬೀಳುವುದನ್ನು ಕ್ಯಾಲೆಂಡರೇ ತೋರಿಸಿತ್ತು.

ನಾಲ್ಕು ತಿಂಗಳಲ್ಲಿ ಸುತ್ತುಗಳು ಐದಕ್ಕಿಳಿದವು.

ಈಗ ಗಿರಾಕಿಗಳು ತಲೆನೋವೆಂದರೆ ಮೊದಲು ನಾನೇ ವಿಚಾರಿಸುತ್ತೇನೆ. ಸಿಡಿಲು ಬಡಿದಂತೆ ಒಮ್ಮೆಲೇ ಬಂದಿದೆಯೇ, ಜ್ವರದ ಜೊತೆ ಕತ್ತು ಸೆಟೆದಿದೆಯೇ, ಕೈಕಾಲು ಸೋಲುತ್ತಿವೆಯೇ, ತಲೆಗೆ ಪೆಟ್ಟಾಗಿದೆಯೇ, ಐವತ್ತು ದಾಟಿದ ಮೇಲೆ ಹೊಸದಾಗಿ ಶುರುವಾಯಿತೇ? ಒಂದಕ್ಕೆ ಹೌದೆಂದರೂ ಅಳತೆ ಆಮೇಲೆ ಕೊಡಿ, ಮೊದಲು ಆಸ್ಪತ್ರೆಗೆ ಹೋಗಿ ಎಂದು ಕಳುಹಿಸುತ್ತೇನೆ.