ನಿಮ್ಮ ಪ್ರೋಟೀನು ಸಿಲಿಯಂ ಒಳಗೆ ಹೋಯಿತೇ? ನೋಡುವ ಬಗೆ

ಪೊರೆಯ ಪ್ರೋಟೀನುಗಳು ಸಿಲಿಯಂಗೆ ಹೇಗೆ ಹೋಗಿ ಸೇರುತ್ತವೆ ಎಂದು ನೋಡುವುದೇ ನನ್ನ ಕೆಲಸ. ಲ್ಯಾಬಿಗೆ ಹೊಸದಾಗಿ ಬಂದವರನ್ನು ಮೈಕ್ರೋಸ್ಕೋಪಿನ ಮುಂದೆ ಕೂರಿಸಿಕೊಂಡು ಹೇಳುವ ಮಾತುಗಳನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಸಿಲಿಯಂ ಎಂದರೆ ಕೋಶದ ಮೈಮೇಲೆ ನಿಂತ ಒಂದು ಸಣ್ಣ ಕಡ್ಡಿ. ಉದ್ದ ಕೆಲವೇ ಮೈಕ್ರಾನ್, ದಪ್ಪ ಕಾಲು ಮೈಕ್ರಾನಿನಷ್ಟು. ಅದರೊಳಗೆ ಪ್ರೋಟೀನು ತಯಾರಿಸುವ ರೈಬೋಸೋಮ್ ಇಲ್ಲ. ಹಾಗಾಗಿ ಅಲ್ಲಿರುವ ಪ್ರತಿ ಪ್ರೋಟೀನೂ ಕೋಶದೊಳಗೆ ತಯಾರಾಗಿ ಅಲ್ಲಿಗೆ ಬಂದದ್ದು. ಕೋಶದ ಪೊರೆ ಮತ್ತು ಸಿಲಿಯಂ ಪೊರೆ ಒಂದೇ ಹಾಳೆ, ನಡುವೆ ಎಲ್ಲೂ ಕತ್ತರಿಸಿಲ್ಲ. ಆದರೂ ಎರಡರಲ್ಲಿ ಇರುವ ಪ್ರೋಟೀನುಗಳು ಬೇರೆ ಬೇರೆ. ನನ್ನನ್ನು ಈ ಕೆಲಸಕ್ಕೆ ಎಳೆದದ್ದೇ ಈ ವಿಚಾರ.

ದಾರಿ ಹೀಗಿದೆ. ಕೋಶದೊಳಗಿನ ರವಾನೆ ಕೇಂದ್ರವಾದ ಗಾಲ್ಗಿಯಿಂದ ಪ್ರೋಟೀನು ಪುಟ್ಟ ಚೀಲದಲ್ಲಿ ಹೊರಟು ಸಿಲಿಯಂನ ಬುಡಕ್ಕೆ ಬರುತ್ತದೆ. ಕೆಲವು ಮೊದಲು ಕೋಶದ ಪೊರೆ ಸೇರಿ, ಆಮೇಲೆ ಪಕ್ಕದಿಂದ ಜಾರಿಕೊಂಡು ಬರುತ್ತವೆ. ಬುಡದಲ್ಲಿ ಟ್ರಾನ್ಸಿಷನ್ ಝೋನ್ ಎಂಬ ಹೊಸ್ತಿಲಿದೆ. ಅನೇಕ ರಿಸೆಪ್ಟರುಗಳನ್ನು (ಹೊರಗಿನ ಸಂದೇಶ ಹಿಡಿಯುವ ಪ್ರೋಟೀನುಗಳನ್ನು) ಆ ಹೊಸ್ತಿಲು ದಾಟಿಸುವುದು ಟಲ್ಪ್3 ಎಂಬ ಪ್ರೋಟೀನು ಮತ್ತು ಐಎಫ್‌ಟಿ-ಎ ಎಂಬ ಪ್ರೋಟೀನು ಕೂಟದ ಜೋಡಿ. ಹೊರಗೆ ಕರೆತರುವ ಕೆಲಸ ಹೆಚ್ಚಾಗಿ ಬಿಬಿಸೋಮ್‌ನದು. ಅದು ಎಂಟು ಪ್ರೋಟೀನುಗಳ ಕೂಟ.

ಈಗ ಕೈಕೆಲಸ. ಮೊದಲು ಟ್ಯಾಗ್, ಅಂದರೆ ಪ್ರೋಟೀನು ಕಣ್ಣಿಗೆ ಕಾಣುವಂತೆ ಅದಕ್ಕೆ ಅಂಟಿಸುವ ತುಣುಕು, ಎಲ್ಲಿ ಹಾಕುತ್ತೀರಿ ಎಂದು ಯೋಚಿಸಿ. ಕಣ್ಣಿನಲ್ಲಿ ಬೆಳಕು ಹಿಡಿಯುವ ರೋಡಾಪ್ಸಿನ್‌ಗೆ ದಾರಿ ತೋರಿಸುವ ಗುರುತು ಅದರ ಬಾಲದ ಕಟ್ಟಕಡೆಯ ನಾಲ್ಕು ಅಮೈನೋ ಆಮ್ಲಗಳಲ್ಲಿದೆ. ಅದರ ಮೇಲೆ ಜಿಎಫ್‌ಪಿ (ಹಸಿರಾಗಿ ಹೊಳೆಯುವ ಪ್ರೋಟೀನು) ಅಂಟಿಸಿದರೆ ಗುರುತು ಮುಚ್ಚಿಹೋಗುತ್ತದೆ. ಜಿಎಫ್‌ಪಿ ಆದ ಮೇಲೆ ಆ ಬಾಲವನ್ನು ಮತ್ತೆ ಸೇರಿಸಿ. ಸೊಮಾಟೊಸ್ಟ್ಯಾಟಿನ್ ಹಾರ್ಮೋನಿನ ರಿಸೆಪ್ಟರಾದ ಎಸ್‌ಎಸ್‌ಟಿಆರ್3ರಲ್ಲಿ ಗುರುತು ಇರುವುದು ಕೋಶದೊಳಗಿನ ಮೂರನೇ ಲೂಪಿನಲ್ಲಿ, ಅಲ್ಲಿ ಬಾಲಕ್ಕೆ ಟ್ಯಾಗ್ ಹಾಕಬಹುದು.

ಕೋಶಗಳಿಗೆ ಐಎಂಸಿಡಿ3 (ಇಲಿಯ ಮೂತ್ರಪಿಂಡದ್ದು) ಅಥವಾ ಆರ್‌ಪಿಇ1 (ಮನುಷ್ಯರ ಕಣ್ಣಿನದು) ಒಳ್ಳೆಯದು. ಕವರ್‌ಸ್ಲಿಪ್ ಹೆಚ್ಚುಕಡಿಮೆ ತುಂಬುವವರೆಗೆ ಬೆಳೆಸಿ, ಆಮೇಲೆ 24 ಗಂಟೆ ಸೀರಂ (ಕೋಶ ಬೆಳೆಸಲು ಹಾಕುವ ರಕ್ತದ ದ್ರವ) ತೀರಾ ಕಡಿಮೆ ಮಾಡಿ ಉಪವಾಸ ಹಾಕಿ. ಒಂದು ಎರಡಾಗಿ ಒಡೆಯುತ್ತಿರುವ ಕೋಶಕ್ಕೆ ತನ್ನ ಸೆಂಟ್ರಿಯೋಲುಗಳು (ಕೋಶದೊಳಗಿನ ಕೊಳವೆಯಂಥ ಪುಟ್ಟ ರಚನೆಗಳು) ಆ ಕೆಲಸಕ್ಕೇ ಬೇಕು. ಒಡೆಯುವುದು ನಿಂತಾಗ ತಾಯಿ ಸೆಂಟ್ರಿಯೋಲಿನಿಂದ ಸಿಲಿಯಂ ಏಳುತ್ತದೆ.

ಫಿಕ್ಸ್ ಮಾಡಲು, ಅಂದರೆ ಕೋಶವನ್ನು ಇದ್ದಂತೆಯೇ ನಿಲ್ಲಿಸಲು, ಶೇ. 4ರ ಪಿಎಫ್‌ಎ (ಪ್ಯಾರಾಫಾರ್ಮಾಲ್ಡಿಹೈಡ್), ಹತ್ತು ನಿಮಿಷ. ಮೆಥನಾಲ್ ಬೇಡ ಅಂತೀನಿ. ಅದು ಜಿಎಫ್‌ಪಿಯ ಹೊಳಪನ್ನು ತಗ್ಗಿಸುತ್ತದೆ, ಪೊರೆಯ ಕೊಬ್ಬನ್ನೂ ತೊಳೆದುಬಿಡುತ್ತದೆ. ಕಡ್ಡಿಯ ಗುರುತಿಗೆ ಅಸಿಟೈಲೇಟೆಡ್ ಟ್ಯೂಬುಲಿನ್ ಇಲ್ಲವೇ ಸಿಲಿಯಂ ಪೊರೆಯ ಪ್ರೋಟೀನಾದ ಎಆರ್‌ಎಲ್13ಬಿ ಆಂಟಿಬಾಡಿ, ಬುಡಕ್ಕೆ ಗಾಮಾ ಟ್ಯೂಬುಲಿನ್. ಬುಡದ ಗುರುತನ್ನು ಬಿಡಬೇಡಿ. ಪ್ರೋಟೀನು ಬುಡದಲ್ಲೇ ಸಿಕ್ಕಿಕೊಂಡಿದೆಯೋ ಒಳಗೆ ಹೋಗಿದೆಯೋ ಎಂದು ತಿಳಿಯುವುದು ಅದರಿಂದಲೇ.

ಮೊದಲ ವರ್ಷ ನಾನು ಮಾಡಿದ ಪ್ರತಿ ಮ್ಯೂಟೆಂಟೂ ಸಿಲಿಯಂ ಒಳಗೆ ಹೋದಂತೆ ಕಂಡಿತು. ಮೂರು ತಿಂಗಳ ಚಿತ್ರಗಳನ್ನು ಕೈಬಿಡಬೇಕಾಯಿತು. ಟ್ಯೂಬುಲಿನ್‌ನ ಜೋರು ಬೆಳಕು ಪಕ್ಕದ ಬಣ್ಣದ ಚಾನೆಲ್ಲಿಗೆ ಸೋರುತ್ತಿತ್ತು. ಆಮೇಲಿಂದ ಒಂದೊಂದೇ ಆಂಟಿಬಾಡಿ ಹಾಕಿದ ಕವರ್‌ಸ್ಲಿಪ್ ಇಲ್ಲದೆ ನಾನು ಕೂರುವುದೇ ಇಲ್ಲ. ಇನ್ನೊಂದು ತಪ್ಪೂ ಆಗ ಸೇರಿಕೊಂಡಿತ್ತು: ಪ್ರೋಟೀನು ಜಾಸ್ತಿ ತಯಾರಾಗುವ ಪ್ರಮೋಟರ್ (ಜೀನ್ ಎಷ್ಟು ಕೆಲಸ ಮಾಡಬೇಕೆಂದು ಹೇಳುವ ಡಿಎನ್‌ಎ ತುಣುಕು). ಅಷ್ಟೊಂದು ತುಂಬಿಸಿದರೆ ಹೊಸ್ತಿಲು ದಾಟಬಾರದ್ದೂ ದಾಟುತ್ತದೆ. ದುರ್ಬಲ ಪ್ರಮೋಟರ್ ಹಾಕಿ, ಮಂಕಾಗಿ ಹೊಳೆಯುವ ಕೋಶಗಳನ್ನೇ ಆರಿಸಿ.

‘ಇದೆ’, ‘ಇಲ್ಲ’ ಎಂದು ಎಣಿಸಿ ಸುಮ್ನೆ ಬಿಡಬೇಡಿ. ಸಿಲಿಯಂನ ಹೊಳಪನ್ನು ಅಳೆಯಿರಿ, ಪಕ್ಕದ ಹಿನ್ನೆಲೆಯನ್ನು ಕಳೆಯಿರಿ. ನೆಟ್ಟಗೆ ನಿಂತ ಸಿಲಿಯಂ ಮೇಲಿನಿಂದ ಬರೀ ಚುಕ್ಕೆಯಾಗಿ ಕಾಣುತ್ತದೆ, ಆದ್ದರಿಂದ ಪದರ ಪದರವಾಗಿ ಚಿತ್ರ ತೆಗೆಯಿರಿ. ಫೈಲಿನ ಹೆಸರುಗಳನ್ನು ಬೇರೆಯವರಿಂದ ಬದಲಿಸಿಕೊಂಡು ಅಳೆಯಿರಿ.

ಇನ್ನು ನನಗೆ ಎಲ್ಲಕ್ಕಿಂತ ಮುಖ್ಯವಾದ ಮಾತು. ಚಿತ್ರದಲ್ಲಿ ಕಾಣುವುದು ಒಳಗೆ ಬಂದದ್ದರಲ್ಲಿ ಹೊರಗೆ ಹೋದದ್ದನ್ನು ಕಳೆದು ಉಳಿದದ್ದು. ಬಿಬಿಸೋಮ್‌ಗೆ ಬೇಕಾದ ಬಿಬಿಎಸ್ ಜೀನ್ ಕೆಟ್ಟ ಇಲಿಗಳ ನ್ಯೂರಾನುಗಳಲ್ಲಿ ಎಸ್‌ಎಸ್‌ಟಿಆರ್3 ಸಿಲಿಯಂನಲ್ಲಿ ಕಾಣುವುದಿಲ್ಲ ಎಂದು 2008ರಲ್ಲಿ ಪ್ರಕಟವಾಯಿತು. ಹಾಗಾದರೆ ಬಿಬಿಸೋಮ್ ಒಳಗೆ ಒಯ್ಯುವ ಗಾಡಿ ಅಂತ ಅನ್ನಿಸುತ್ತದೆ, ಅಲ್ವಾ? ಆದರೆ 2017ರಲ್ಲಿ ಇನ್ನೊಂದು ಚಿತ್ರ ಸಿಕ್ಕಿತು. ಹೊರಗೆ ಬರುವ ದಾರಿ ಮುಚ್ಚಿದಾಗ, ಸಂದೇಶ ಸಿಕ್ಕಿ ಎಚ್ಚೆತ್ತ ರಿಸೆಪ್ಟರುಗಳು ಸಿಲಿಯಂನ ತುದಿಯಲ್ಲಿ ಗುಂಪಾಗಿ, ಪುಟ್ಟ ಗುಳ್ಳೆಗಳಾಗಿ ಕಳಚಿ ಬೀಳುತ್ತವೆ. ಸಿಲಿಯಂ ಖಾಲಿ ಕಾಣುತ್ತದೆ. ಆದರೆ ಕೆಟ್ಟಿರುವುದು ಒಳದಾರಿಯಲ್ಲ, ಹೊರದಾರಿ. ಸ್ಮೂತೆಂಡ್ ಎಂಬ ಇನ್ನೊಂದು ಪೊರೆಯ ಪ್ರೋಟೀನಿನದು ಇದರ ತಿರುವು: ಬಿಬಿಸೋಮ್ ಇಲ್ಲದಿದ್ದರೆ ಅದು ಸಂದೇಶ ಬರದಿದ್ದರೂ ಸಿಲಿಯಂನಲ್ಲಿ ತುಂಬಿಕೊಳ್ಳುತ್ತದೆ. ಬೀಗ ಒಂದೇ, ಕಾಣುವುದು ಮಾತ್ರ ಒಂದಕ್ಕೊಂದು ಉಲ್ಟಾ.

ಆದ್ದರಿಂದ ಜೀವಂತ ಕೋಶದಲ್ಲಿ ನೋಡಿ. ಲೇಸರಿನಿಂದ ಇಡೀ ಸಿಲಿಯಂನ ಜಿಎಫ್‌ಪಿ ಹೊಳಪನ್ನು ನಂದಿಸಿ. ಮತ್ತೆ ಹೊಳಪು ಬಂದರೆ ಅದು ಹೊಸ್ತಿಲು ದಾಟಿ ಬಂದದ್ದು. ಅರ್ಧ ಭಾಗ ಮಾತ್ರ ನಂದಿಸಿದರೆ, ಉಳಿದ ಅರ್ಧದಿಂದ ಹರಿದು ಬರುವುದೂ ಸೇರುತ್ತದೆ. ಎರಡನ್ನೂ ಮಾಡಿ ಹೋಲಿಸಿ. ಹೊರದಾರಿಗೆ, ಎಸ್‌ಎಸ್‌ಟಿಆರ್3 ಇರುವ ಕೋಶಗಳಿಗೆ ಸೊಮಾಟೊಸ್ಟ್ಯಾಟಿನ್ ಹಾಕಿ ಎರಡು ಗಂಟೆ ಕಾಲ ಹತ್ತು ನಿಮಿಷಕ್ಕೊಂದು ಚಿತ್ರ ತೆಗೆಯಿರಿ. ಸರಿಯಿರುವ ಕೋಶದಲ್ಲಿ ಹೊಳಪು ನಿಧಾನವಾಗಿ ಇಳಿಯುತ್ತದೆ. ಇಳಿಯದೆ ತುದಿಯಲ್ಲಿ ಒಂದು ಹೊಳೆಯುವ ಉಂಡೆ ಮೂಡಿದರೆ ಅಲ್ಲೇ ನಿಲ್ಲಿ, ಚಿತ್ರದ ನಡುವಿನ ಅಂತರವನ್ನು ಅರ್ಧ ನಿಮಿಷಕ್ಕೆ ಇಳಿಸಿ. ಅದು ಕಳಚುವ ಗಳಿಗೆ ಸಿಗಬಹುದು.